ಚಾದರದ ಕೆಳಗಿನ ನಿಪ್ಪಾಣಿ

ನಾನು ನಿಂತಿದ್ದು ಮಹಾರಾಷ್ಟ್ರದಲ್ಲಿ. ಅಂದರೆ, ಬೆಂಚುಗಳ ಮೇಲೆ ಮಲಗಿಸಿದ್ದ ಒಂದು ಉಬ್ಬು ನಕಾಶೆಯ ಪಶ್ಚಿಮದ ಅಂಚಿಗೆ ನನ್ನ ಹೊಟ್ಟೆ ತಾಗುತ್ತಿತ್ತು. ಆ ಅಂಚಿನಲ್ಲಿ ನಿಪ್ಪಾಣಿ ಇರಬೇಕಾಗಿತ್ತು. ನಿಪ್ಪಾಣಿಯ ಆಚೆ ಮಹಾರಾಷ್ಟ್ರವೇ ಇರುವುದರಿಂದ ನಾನು ನಿಂತ ಜಾಗಕ್ಕೆ ಬೇರೆ ಹೆಸರು ಕೊಡಲು ಬರುವುದಿಲ್ಲ. ನನ್ನ ಬೆನ್ನಿಗೆ ಕಿಟಕಿ, ಕಿಟಕಿಯ ಆಚೆ ಶಾಲೆಯ ಬೇವಿನ ಗಿಡ, ಅದರಾಚೆ ಕಬ್ಬು, ಕಬ್ಬಿನ ಮೇಲೆ ಇಳಿಯುತ್ತಿದ್ದ ಸೂರ್ಯ. ನನ್ನ ಎರಡೂ ಕೈಗಳಲ್ಲಿ ಸೊಲ್ಲಾಪುರದ ಒಂದು ಚಾದರದ ತುದಿ. ತಿಥಿ ಭಾದ್ರಪದ ಶುದ್ಧ ತ್ರಯೋದಶಿ. ಇಸವಿ ಎಂಬತ್ತರ ದಶಕದ ಕೊನೆಯದು. ಯಾವುದು ಎಂಬುದರ ಬಗ್ಗೆ ನನಗೂ ನಮ್ಮ ಗಣಿತದ ಮಾಸ್ತರರಿಗೂ ಇನ್ನೂ ಒಮ್ಮತವಿಲ್ಲ. ತಿಥಿಯ ಬಗ್ಗೆ ಇಬ್ಬರಿಗೂ ತಕರಾರಿಲ್ಲ. ನಡೆದದ್ದಕ್ಕೆಲ್ಲ ತಿಥಿಯೇ ಕಾರಣ.

ಆ ಚಾದರದ ಕೆಳಗೆ ಏನಿದೆ ಎಂಬುದು ಕೋಣೆಯಲ್ಲಿ ಇಬ್ಬರಿಗೇ ಗೊತ್ತಿತ್ತು. ತೋರಿಸುವವರಿಗೆ ಗೊತ್ತಿತ್ತು. ತುದಿ ಹಿಡಿದಿದ್ದ ನನಗೆ ತಲೆ ಸ್ವಲ್ಪ ಬಾಗಿಸಿದರೆ ಕಾಣುತ್ತಿತ್ತು. ಇಷ್ಟು ವರ್ಷಗಳ ಮೇಲೂ ಮನೆಯಲ್ಲಿ ಯಾರಾದರೂ ಚಾದರ ಮಡಚಬೇಕು, ಒಂದು ತುದಿ ಹಿಡಿಯಿರಿ ಎಂದರೆ ನಾನು ಮೊದಲು ಅದರ ಕೆಳಗೆ ನೋಡುತ್ತೇನೆ.

ಕ್ರಮವಾಗಿ ಹೇಳುತ್ತೇನೆ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಹೇಳುತ್ತೇನೆ.

ಅದು ಶೇಡಬಾಳ, ಕಾಗವಾಡದ ಕಡೆಯ ಒಂದು ಖಾಸಗಿ ಹೈಸ್ಕೂಲು. ಆಗ ಅದೆಲ್ಲ ಅಥಣಿ ತಾಲೂಕು. ನಾನು ಅಲ್ಲಿ ಕನ್ನಡ ಕಲಿಸುತ್ತಿದ್ದೆ. ಹೆಡ್‌ಮಾಸ್ತರರು, ಗಣಿತದ ಮಾಸ್ತರರು, ಹಿಂದಿಯ ಬಾಯಾರು (ಶಿಕ್ಷಕಿಯನ್ನು ನಮ್ಮ ಕಡೆ ಹಾಗೆನ್ನುತ್ತಾರೆ), ಭೂಗೋಳದ ಮಾಸ್ತರರು, ಈ ನಾಲ್ವರೂ ಜೈನರು. ನಾನಲ್ಲ. ಇದನ್ನು ಯಾಕೆ ಹೇಳಬೇಕಾಯಿತೆಂದರೆ, ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಸೂರ್ಯ ಇರುವಾಗಲೇ ಉಂಡು ಕೈ ತೊಳೆಯಬೇಕು. ಹಾಗಾಗಿ ನಮ್ಮ ಶಾಲೆಯ ಸಂಜೆಯ ಸಭೆಗಳಿಗೆ ಗಡಿಯಾರ ಬೇಕಾಗಿರಲಿಲ್ಲ. ಪಶ್ಚಿಮದ ಕಿಟಕಿಯಿಂದ ಬಂದ ಬಿಸಿಲು ಎದುರಿನ ಗೋಡೆಯ ಮೇಲೆ ಬಿದ್ದು, ಸೂರ್ಯ ಕೆಳಗಿಳಿದಂತೆ ಮೇಲೇರುತ್ತ ಹೋಗುತ್ತಿತ್ತು. ಅದು ಗೋಡೆಗೆ ತೂಗುಹಾಕಿದ್ದ ಫೋಟೋಗಳ ಚೌಕಟ್ಟು ಮುಟ್ಟಿತೆಂದರೆ ಹೆಡ್‌ಮಾಸ್ತರರು ಏಳುತ್ತಿದ್ದರು. ಯಾರು ಮಾತಾಡುತ್ತಿದ್ದರೂ ಆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಾಲ್ಕಾರು ನಿಮಿಷದಲ್ಲಿ ಕೋಣೆ ಖಾಲಿ.

ಹೆಡ್‌ಮಾಸ್ತರರು ಒಂದು ಪದ್ಧತಿ ಹಾಕಿದ್ದರು. ಪ್ರತಿಯೊಬ್ಬ ಮಾಸ್ತರನೂ ವರ್ಷಕ್ಕೊಂದು ಪಾಠದ ಉಪಕರಣ ತಯಾರಿಸಬೇಕು, ಮತ್ತು ಅದು ಎಷ್ಟು ಆಗಿದೆಯೋ ಅಷ್ಟನ್ನು ಸಭೆಯಲ್ಲಿ ಸಹೋದ್ಯೋಗಿಗಳಿಗೆ ತೋರಿಸಬೇಕು. ಗಣಿತದ ಮಾಸ್ತರರು ಕಟ್ಟಿಗೆಯ ಶಂಕು ಮಾಡಿಸಿ ತಂದರು. ಬಾಯಾರು ಗೋಡೆಗೆ ಹಾಕುವ ತಖ್ತೆಗಳನ್ನು ಬರೆದರು. ನಾನು ರಟ್ಟಿನಲ್ಲಿ ಸಂಧಿಗಳ ಚಕ್ರ ಮಾಡಿದೆ. ತಿರುಗಿಸಿದರೆ ಒಂದೊಂದು ಸಂಧಿಗೂ ಉದಾಹರಣೆ ಕಾಣಬೇಕು. ಅದು ತಿರುಗುತ್ತಿರಲಿಲ್ಲ. ತೋರಿಸುವ ದಿನ ನಾನೇ ಮೊದಲು ಎದ್ದು, ಇದು ತಿರುಗುವುದಿಲ್ಲ ಎಂದೆ. ಎಲ್ಲರೂ ಮುಟ್ಟಿ ನೋಡಿ, ಹೌದು, ತಿರುಗುವುದಿಲ್ಲ ಎಂದರು. ನನ್ನ ಸರದಿ ಅಷ್ಟಕ್ಕೇ ಮುಗಿಯಿತು.

ಭೂಗೋಳದ ಮಾಸ್ತರರು ಬೇರೆ ಜಾತಿಯ ಧೈರ್ಯದವರು. ರಾಯಬಾಗದ ಕಡೆಯ ಹುಡುಗ, ನಮ್ಮೆಲ್ಲರಿಗಿಂತ ಚಿಕ್ಕವರು. ರಜೆಯ ದಿನಗಳಲ್ಲಿ ಸುತ್ತಲಿನ ಊರುಗಳ ಕುಸ್ತಿ ಮೈದಾನಗಳಲ್ಲಿ ಮೈಕು ಹಿಡಿದು ಕನ್ನಡ, ಮರಾಠಿ ಎರಡರಲ್ಲೂ ಕುಸ್ತಿಯನ್ನು ವರ್ಣಿಸುತ್ತಿದ್ದರು. ಹೆಸರಾಂತ ಪೈಲ್ವಾನ ಇನ್ನೂ ಬಸ್ಸಿನಲ್ಲಿದ್ದಾಗಲೇ ಅವನು ಮೈದಾನಕ್ಕಿಳಿದು ಮಣ್ಣು ಮುಟ್ಟಿದ ಹಾಗೆ ಹೇಳಿ ಜನರನ್ನು ಕೂಡ್ರಿಸುವುದರಲ್ಲಿ ಅವರು ಹೆಸರುವಾಸಿ. ಈ ಮಾತು ಅವರೇ ನನಗೆ ಚಹಾದಂಗಡಿಯಲ್ಲಿ ಹೇಳಿದ್ದು.

"ನೋಡ್ರಿ ಸರ, ಪೈಲ್ವಾನ ಬರೂತನಕ ಮೈಕ್ ಸುಮ್ಮನಿರಬಾರದು. ಸುಮ್ಮನಾತು ಅಂದ್ರ ಜನ ಎದ್ದು ಹೊಂಡತಾರ. ಹೇಳ್ಕೋತ ಇದ್ರ ಕೂಡತಾರ."

"ಪೈಲ್ವಾನ ಬರಲೇ ಇಲ್ಲ ಅಂದ್ರ?" ಎಂದು ಕೇಳಿದೆ.

"ಇಲ್ಲಿತನಕ ಎಲ್ಲಾರೂ ಬಂದಾರ್ರಿ," ಎಂದರು.

ಅವರ ನೌಕರಿ ತಾತ್ಪೂರ್ತಿಕದ್ದು. ವರ್ಷ ವರ್ಷ ಮುಂದುವರಿಸುತ್ತಿದ್ದರು, ಕಾಯಂ ಮಾಡುತ್ತಿರಲಿಲ್ಲ. ಅದು ಅವರಿಗೆ ಬರೀ ನೌಕರಿಯ ಮಾತಾಗಿರಲಿಲ್ಲ. ನಿಪ್ಪಾಣಿ ಹತ್ತಿರದ ಭೋಜದಲ್ಲಿ ಒಂದು ಹುಡುಗಿ ಇದ್ದಳು. ಹುಡುಗಿಯ ತಂದೆ ಪ್ರಾಥಮಿಕ ಶಾಲೆಯ ಗುರುಗಳು, ನಮ್ಮ ಹೆಡ್‌ಮಾಸ್ತರರ ದೂರದ ಸಂಬಂಧಿ. ಶೇಡಬಾಳದಲ್ಲಿ ಹೆಡ್‌ಮಾಸ್ತರರ ಅಕ್ಕನ ಮನೆಯಲ್ಲಿ ಹುಡುಗಿಯನ್ನು ತೋರಿಸಿದ್ದರು. ಇಬ್ಬರೂ ಒಪ್ಪಿದ್ದರು. ಗುರುಗಳು ಮಾತ್ರ ಒಂದು ಷರತ್ತು ಹಾಕಿದ್ದರು.

"ಪರ್ಮನೆಂಟ್ ಆಗೂತನಕ ಸಾಖರಪುಡಾ ಇಲ್ಲಂತರಿ," ಎಂದರು ಭೂಗೋಳದ ಮಾಸ್ತರರು, ನಿಶ್ಚಿತಾರ್ಥಕ್ಕೆ ನಮ್ಮ ಕಡೆ ಹೇಳುವ ಮಾತಿನಲ್ಲಿ. "ಪರ್ಮನೆಂಟ್ ಆಗಬೇಕಂದ್ರ ಹೆಡ್‌ಮಾಸ್ತರ ಸಾಹೇಬರು ಆಡಳಿತ ಮಂಡಳಿಗೆ ಶಿಫಾರಸು ಕೊಡಬೇಕು. ಅವರು ಏನಂತಾರ? ನಿಮ್ಮ ನಕಾಶೆ ಪೂರಾ ನೋಡಿ ಕೊಡತೀನಿ ಅಂತಾರ."

ನಕಾಶೆಯೆಂದರೆ ಅಥಣಿ, ರಾಯಬಾಗ, ಚಿಕ್ಕೋಡಿ ತಾಲೂಕುಗಳ ಉಬ್ಬು ನಕಾಶೆ. ನಿಪ್ಪಾಣಿ ಆಗ ಚಿಕ್ಕೋಡಿ ತಾಲೂಕಿಗೇ ಸೇರಿತ್ತು. ಗುಡ್ಡ ಗುಡ್ಡದಂತೆ ಎದ್ದಿರಬೇಕು, ಹೊಳೆ ಹೊಳೆಯಂತೆ ತಗ್ಗಿನಲ್ಲಿ ಹರಿಯಬೇಕು. ಹಳೆಯ ಕರಿಹಲಗೆಯೊಂದನ್ನು ಬೋರಲು ಹಾಕಿದರು. ಅದು ಚಿಕ್ಕೋಡಿಯ ಆಚೆಗೆ ಸಾಲದಾಯಿತು. ಪಶ್ಚಿಮಕ್ಕೆ ಖೋಕಿಯ, ಅಂದರೆ ಸಾಮಾನು ತುಂಬುವ ಕಟ್ಟಿಗೆ ಪೆಟ್ಟಿಗೆಯ, ಹಲಗೆಯೊಂದನ್ನು ಜೋಡಿಸಿ ಮೊಳೆ ಹೊಡೆದರು. ಹಳೆಯ ಉತ್ತರಪತ್ರಿಕೆಗಳನ್ನು ನೀರಿನಲ್ಲಿ ನೆನೆಹಾಕಿ, ಒರಳಿನಲ್ಲಿ ಕುಟ್ಟಿ, ಅಂಟಿಗೆ ಮೆಂತ್ಯದ ಹಿಟ್ಟು ಬೆರೆಸಿ ಆ ಮುದ್ದೆಯನ್ನು ಪೂರ್ವದ ಕಡೆಯಿಂದ ಮೆತ್ತುತ್ತ ಬಂದರು. ಅಥಣಿಯ ಗುಡ್ಡಗಳು ಬೇಸಿಗೆಯ ಬಿಸಿಲಿನಲ್ಲಿ ಕಲ್ಲಿನಂತೆ ಒಣಗಿದವು. ಕೃಷ್ಣಾ ನದಿಗೆ ಬಟ್ಟೆಗೆ ಹಾಕುವ ನೀಲಿ ಬಳಿದರು. ದ್ರಾಕ್ಷಿ ತೋಟಗಳಿಗೆ ಹಸಿರು ಬಣ್ಣದ ಕಟ್ಟಿಗೆ ಹೊಟ್ಟು. ಅಥಣಿಯ ಭಾಗ ನಿಜವಾಗಿ ಚೆಂದವಾಗಿತ್ತು. ಅದನ್ನು ನಾನು ಸಾಕ್ಷಿಯಾಗಿ ಹೇಳುತ್ತೇನೆ.

ರಾಯಬಾಗ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ಚಿಕ್ಕೋಡಿಯ ಮುದ್ದೆ ಒಣಗಲಿಲ್ಲ. ನಿಪ್ಪಾಣಿಯ ಮುದ್ದೆಯನ್ನು ಸಂಜೆ ಮೆತ್ತಿದರೆ ಬೆಳಗಾಗುವಷ್ಟರಲ್ಲಿ ಇಲಿಗಳು ಮೆಂತ್ಯದ ರುಚಿಗೆ ತಿಂದು ಹಲಗೆಯನ್ನು ಚೊಕ್ಕಟ ಮಾಡಿಡುತ್ತಿದ್ದವು. ಮತ್ತೆ ಮೆತ್ತಿದರು, ಮತ್ತೆ ತಿಂದವು. ಆಮೇಲೆ ಮೆತ್ತುವುದನ್ನು ಬಿಟ್ಟರು. ಮಳೆ ನಿಂತ ಮೇಲೆ ಮುಗಿಸುತ್ತೇನೆ, ಅಲ್ಲಿಯ ತನಕ ಸಭೆ ನಿಪ್ಪಾಣಿಗೆ ಮುಟ್ಟದ ಹಾಗೆ ನೋಡಿಕೊಂಡರೆ ಸಾಕು ಎಂದು ನನಗೆ ಹೇಳಿದರು. ಅಂಗಳದಲ್ಲಿ ಇಟ್ಟ ಕೊಡೆಯನ್ನು ಒಳಗೆ ತರಬೇಕು ಎನ್ನುವಷ್ಟು ಸಹಜವಾಗಿ ಹೇಳಿದರು.

ಮೊದಲ ಸಲ ತೋರಿಸಿದ್ದು ಶಾಲೆ ತೆರೆದ ಹೊಸದರಲ್ಲಿ. ನಕಾಶೆಯ ಮೇಲೆ ಚಾದರ ಹೊದಿಸಿದ್ದರು. ಪೂರ್ವದ ತುದಿಯನ್ನು ತಾವೇ ಮಡಚುತ್ತ, ಪಶ್ಚಿಮದ ತುದಿಯನ್ನು ಹಿಡಿದು ನಿಲ್ಲಲು ನನ್ನನ್ನು ಕರೆದರು.

"ನಿಮಗ ಊಟದ ಅವಸರ ಇಲ್ಲಲ್ರಿ ಸರ. ಉಳಿದವರು ನಡುವ ಎದ್ದ್ರ ಚಾದರ ಜಾರತೈತಿ."

ಹೀಗೆ ಜೈನನಲ್ಲದ ಕಾರಣಕ್ಕೆ ನಾನು ನಿಪ್ಪಾಣಿಯ ಕಾವಲಿಗೆ ನಿಂತೆ.

ಅಂದು ಅವರು ಅಥಣಿಯನ್ನು ವರ್ಣಿಸಿದ ರೀತಿಗೆ ಬಾಯಾರು ಕಣ್ಣು ಮಿಟುಕಿಸದೆ ಕೂತಿದ್ದರು. ಮಣ್ಣು, ಮಳೆ, ಬಾವಿ, ಚರ್ಮದ ಚಪ್ಪಲಿ, ದ್ರಾಕ್ಷಿಯ ಹಂದರ, ಒಂದೂ ಬಿಡಲಿಲ್ಲ. ಇನ್ನೇನು ಹೊಳೆ ದಾಟಬೇಕು ಎನ್ನುವಾಗ ಬಿಸಿಲು ಚೌಕಟ್ಟು ಮುಟ್ಟಿತು. ಹೆಡ್‌ಮಾಸ್ತರರು ಎದ್ದರು. "ಭೇಷ್ ಐತಿ. ಮುಂದಿಂದು ಮುಂದಿನ ಸಭೆಗೆ."

ಎರಡನೆಯ ಸಲ ಶ್ರಾವಣದಲ್ಲಿ. ಹೋದ ಸಭೆಗೆ ಬಾರದವರು ಯಾರೂ ಇರಲಿಲ್ಲ. ಆದರೂ ಬಾರದವರ ಸಲುವಾಗಿ ಎಂದು ಹೇಳಿ ಅಥಣಿಯಿಂದಲೇ ಸುರುಮಾಡಿದರು.

"ಅಥಣಿ ಬಸ್ಸರ ಇದಕ್ಕಿಂತ ಲಗೂ ಮುಟ್ಟತೈತಿ ಚಿಕ್ಕೋಡಿಗೆ," ಎಂದರು ಗಣಿತದ ಮಾಸ್ತರರು.

"ಬಸ್ಸಿಗೆ ಹೊಳಿ ದಾಟಾಕ ಪೂಲ್ ಐತ್ರಿ. ನಾ ನೀರಿನ ಆಳ ಹೇಳಿ ದಾಟಬೇಕು," ಎಂದರು ಭೂಗೋಳದವರು, ಮತ್ತು ನೀರಿನ ಆಳ ಹೇಳತೊಡಗಿದರು. ರಾಯಬಾಗದ ನಡುವೆ ಬಿಸಿಲು ಚೌಕಟ್ಟು ಮುಟ್ಟಿತು. ನಾನು ಕಿಟಕಿಯ ಬಳಿ ಚಾದರ ಹಿಡಿದು, ಖಾಲಿಯಾದ ಬೆಂಚುಗಳನ್ನು ನೋಡುತ್ತ ನಿಂತಿದ್ದೆ. ಅವರು ಬೆವರು ಒರೆಸಿಕೊಂಡು ನನಗೆ ಹೇಳಿದರು: "ಇನ್ನೊಂದ ಸಭೆ ರೀ ಸರ. ಅಷ್ಟರಾಗ ಮಳಿ ನಿಲ್ಲತೈತಿ."

ಸಂಜೆಗಳಲ್ಲಿ ಬಿಸಿಲು ಬೀಳುತ್ತಿತ್ತು, ಆದರೆ ಮಳೆ ಪೂರ್ತಿ ನಿಲ್ಲಲಿಲ್ಲ. ಮೂರನೆಯ ಸಭೆ ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಬಿತ್ತು. ಅದು ಜೈನರ ಹತ್ತು ದಿನಗಳ ಹಬ್ಬ. ದಿನಕ್ಕೊಂದು ಧರ್ಮದ ಗುಣವನ್ನು ನೆನೆಯುತ್ತಾರೆ. ಭೋಜದ ಗುರುಗಳು ಪರ್ವಕ್ಕೆಂದು ನಮ್ಮೂರ ಬಸದಿಗೆ ಬಂದಿದ್ದರು. ಹೆಡ್‌ಮಾಸ್ತರರು ಅವರನ್ನು ಸಭೆಗೂ ಕರೆದರು. ಹುಡುಗನ ಕೆಲಸ ಕಣ್ಣಾರೆ ನೋಡಲಿ, ಶಿಫಾರಸೂ ಅಲ್ಲೇ ಆಗಲಿ ಎಂಬುದು ಅವರ ವಿಚಾರ. ಸುದ್ದಿ ಕೇಳಿ ನಾನು ಭೂಗೋಳದ ಮಾಸ್ತರರನ್ನು ಪಕ್ಕಕ್ಕೆ ಕರೆದು, ಈಗಲಾದರೂ ಇದ್ದದ್ದನ್ನು ಹೇಳಿಬಿಡಿರಿ ಎಂದೆ.

"ಯಾಕ್ರಿ? ಹಬ್ಬದಾಗ ಕಟ್ಟುನಿಟ್ಟು ಜಾಸ್ತಿ ಇರತೈತಿ. ಬ್ಯಾರೆ ದಿನ ಚೌಕಟ್ಟಿಗೆ ಬಿಸಲ ಬಂದ್ರ ಏಳತಾರ, ಇವತ್ತ ಅದಕ್ಕೂ ಮೊದಲ ಏಳತಾರ. ರಾಯಬಾಗನೂ ಮುಟ್ಟೂದಿಲ್ಲ ನಾವು."

ಅವರು ಖಾನಾವಳಿಯಲ್ಲಿ ಉಣ್ಣುವ ಮನುಷ್ಯ. ಪರ್ವದ ದಿನವೂ ಖಾನಾವಳಿಯಲ್ಲಿ ಒಲೆ ಉರಿಯುತ್ತಿತ್ತು. ಅವರ ಲೆಕ್ಕದಲ್ಲಿ ನನಗೂ ತಪ್ಪು ಕಾಣಲಿಲ್ಲ.

ಕೂತವರು ಹೀಗೆ: ಪೂರ್ವಕ್ಕೆ, ಅಥಣಿಯ ಮುಂದೆ, ಹೆಡ್‌ಮಾಸ್ತರರು ಮತ್ತು ಭೋಜದ ಗುರುಗಳು. ದಕ್ಷಿಣಕ್ಕೆ ಗಣಿತದ ಮಾಸ್ತರರು. ಉತ್ತರಕ್ಕೆ ಬಾಯಾರು. ಪಶ್ಚಿಮಕ್ಕೆ ನಾನು, ನಿಂತು. ಭೂಗೋಳದ ಮಾಸ್ತರರು ಕೈಯಲ್ಲಿ ಬೆತ್ತ ಹಿಡಿದು ಅಥಣಿಯಿಂದ ಸುರುಮಾಡಿದರು. ಯಾರೂ ಆಕ್ಷೇಪಿಸಲಿಲ್ಲ, ಹೊಸಬರು ಬಂದಿದ್ದರಲ್ಲ. ಗುರುಗಳು ದ್ರಾಕ್ಷಿಯ ಹಂದರವನ್ನು ಬಗ್ಗಿ ನೋಡಿ ತಲೆದೂಗಿದರು.

ಬಿಸಿಲು ಚೌಕಟ್ಟು ಮುಟ್ಟಿತು. ನಾನು ನೋಡಿದೆ. ಭೂಗೋಳದ ಮಾಸ್ತರರೂ ನೋಡಿ, ಮಾತನ್ನು ಮುಕ್ತಾಯದ ಧ್ವನಿಗೆ ಇಳಿಸಿ, ಬೆತ್ತವನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಯಾರೂ ಏಳಲಿಲ್ಲ. ಬಿಸಿಲು ಚೌಕಟ್ಟು ದಾಟಿ ಫೋಟೋದ ಗಾಜಿಗೆ ಹೋಯಿತು. ಹೆಡ್‌ಮಾಸ್ತರರು ಕೈಕಟ್ಟಿ ಕೂತೇ ಇದ್ದರು.

"ಸರ, ಹೊತ್ತಾತ್ರಿ," ಎಂದರು ಭೂಗೋಳದವರು. "ಊಟಕ್ಕ..."

"ಯಾರ ಊಟ? ಇವತ್ತಿಂದ ಮೂರು ದಿನ ನನ್ನ ಉಪವಾಸ," ಎಂದರು ಹೆಡ್‌ಮಾಸ್ತರರು. "ಮನಿಗೆ ಹೋದ್ರ ಮೊಮ್ಮಕ್ಕಳ ಅಡಗಿ ವಾಸನಿ ಬರತೈತಿ. ಇಲ್ಲೇ ಛಲೋ ಐತಿ. ಹೇಳ್ರಿ."

"ನಂದೂ ಉಪಾಸ," ಎಂದರು ಬಾಯಾರು.

"ನಂದು ಏಕಾಶನ. ದಿನಕ್ಕ ಒಂದ ಊಟ, ಮಧ್ಯಾಹ್ನ ಆತು," ಎಂದರು ಗಣಿತದ ಮಾಸ್ತರರು. "ಇನ್ನ ನಾಳೆ ಮಧ್ಯಾಹ್ನದ ತನಕ ನಾ ಖಾಲಿನ ಇದ್ದೀನಿ."

ಗುರುಗಳು ಮೆಲ್ಲಗೆ, "ನಾನೂ ಉಪವಾಸನ. ಬಸದ್ಯಾಗ ಆರತಿಗೆ ಇನ್ನ ಭಾಳ ಹೊತ್ತೈತಿ," ಎಂದರು.

ಹಬ್ಬದಲ್ಲಿ ಕಟ್ಟುನಿಟ್ಟು ಹೆಚ್ಚಾಗುತ್ತದೆ ಎಂದು ಅವರು ಹಾಕಿದ ಲೆಕ್ಕ ಸರಿಯಾಗಿಯೇ ಇತ್ತು. ಊಟವೇ ಇಲ್ಲದಷ್ಟು ಹೆಚ್ಚಾಗಿತ್ತು. ಎದ್ದು ಹೋಗಲು ಆ ಕೋಣೆಯಲ್ಲಿ ಯಾರಿಗೂ ಕಾರಣವಿರಲಿಲ್ಲ. ನನಗಂತೂ ಚಾದರ ಇತ್ತು.

ಭೂಗೋಳದ ಮಾಸ್ತರರ ಮುಖವನ್ನು ನಾನು ಎದುರಿನಿಂದ ಕಂಡೆ. ಅದರಲ್ಲಿ ಏನೂ ಬದಲಾಗಲಿಲ್ಲ. ಬೆತ್ತವನ್ನು ಕಂಕುಳಿನಿಂದ ಮತ್ತೆ ತೆಗೆದರು, ಅಷ್ಟೇ. ರಾಯಬಾಗಕ್ಕೆ ಹೊರಟರು. ನಾನು ಅಷ್ಟು ನಿಧಾನದ ಪ್ರಯಾಣ ಯಾವತ್ತೂ ಮಾಡಿಲ್ಲ. ಒಂದೊಂದು ಹಳ್ಳಕ್ಕೂ ನಿಂತರು. ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿ ನಾವು ಎಷ್ಟೋ ಹೊತ್ತು ಇದ್ದೆವು. ಅಲ್ಲಿಂದ ಯಾವ ಯಾವ ಊರಿಗೆ ಬಸ್ಸುಗಳಿವೆ, ಯಾವುದು ತುಂಬಿ ಹೋಗುತ್ತದೆ, ಯಾವುದಕ್ಕೆ ಕಾಯಬೇಕು, ಎಲ್ಲ ಕೇಳಿದೆವು. ಚಿಕ್ಕೋಡಿಯ ಮುದ್ದೆ ಇನ್ನೂ ಹಸಿ. ಬೆತ್ತದ ತುದಿ ತಾಗಿದಲ್ಲಿ ಒಂದು ಹೊಸ ಕೆರೆ ಮೂಡಿತು. ಅವರು ಅದನ್ನೂ ವರ್ಣಿಸಿದರು.

"ಮುಂದ," ಎಂದರು ಹೆಡ್‌ಮಾಸ್ತರರು.

"ಮುಂದ ನಿಪ್ಪಾಣಿರಿ."

"ತೋರಸ್ರಿ ಮತ್ತ."

"ಪುಢೇ ಚಲಾ," ಎಂದು ಬಾಯಾರೂ ಮರಾಠಿಯಲ್ಲಿ ಮುಂದಕ್ಕೆ ದೂಡಿದರು.

ಭೂಗೋಳದ ಮಾಸ್ತರರು ನನ್ನ ಕಡೆ ನೋಡಿದರು. ಸಭೆಗೆ ಸಭೆಯೇ ಕೇಳುವ ಧ್ವನಿಯಲ್ಲಿ, "ಚಾದರ ಎತ್ತ್ರಿ ಸರ," ಎಂದರು. ನಾನು ಕಣ್ಣಿನಲ್ಲೇ, ಖರೆ ಅಂತೀರೇನು ಎಂದು ಕೇಳಿದೆ. ಅವರು ತಲೆಯಾಡಿಸಿದರು. ಎತ್ತಿದೆ.

ಕಂಡದ್ದು ಇಷ್ಟು. ಚಿಕ್ಕೋಡಿಯ ಪಶ್ಚಿಮಕ್ಕೆ ಮುದ್ದೆ ತೆಳ್ಳಗಾಗುತ್ತ ಹೋಗಿ, ಇಲಿಯ ಹಲ್ಲಿನ ಗುರುತುಗಳಲ್ಲಿ ಮುಗಿದಿತ್ತು. ಆ ಅಂಚಿನ ಮೇಲೆ ಬೂದು ಬಣ್ಣದ, ಅಲ್ಲಲ್ಲಿ ಹಸಿರಾದ ಬೂಸ್ಟು ಹತ್ತಿ ನಿಂತಿತ್ತು. ಅದರಾಚೆ ಬರಿಯ ಹಲಗೆ. ಕರಿಹಲಗೆಗೂ ಖೋಕಿಯ ಹಲಗೆಗೂ ನಡುವೆ ಒಂದು ಸಂದು. ಸಂದಿನಿಂದ ಚಿಕ್ಕೋಡಿಯ ಕಡೆಗೆ ಒಂದು ಮೊಳೆಯ ತಲೆ. ಸಂದಿನ ಮೇಲೆ ಕಟ್ಟಿಗೆಯ ಒಂದು ಗಂಟು. ಮೆಂತ್ಯದ ವಾಸನೆ ಎದ್ದು ಬಂದಿತು. ಉಪವಾಸದವರು ನಾಲ್ವರೂ ಒಮ್ಮೆ ಉಸಿರೆಳೆದುಕೊಂಡದ್ದನ್ನು ನಾನು ನೋಡಿದೆ.

"ಇದು ನಿಪ್ಪಾಣಿ," ಎಂದು ಭೂಗೋಳದ ಮಾಸ್ತರರು ಗಂಟಿನ ಮೇಲೆ ಬೆತ್ತ ಇಟ್ಟರು. ಸಂದಿನ ಗುಂಟ ಮೇಲಿನಿಂದ ಕೆಳಕ್ಕೆ ಎಳೆದರು. "ಇದು ಪುಣೆ ಬೆಂಗಳೂರ ಹೈವೇ. ನೆಟ್ಟಗ ಹೊಂಟೈತಿ, ನೋಡ್ರಿ. ಈ ಕಡೆ ಎಲ್ಲಾ ತಂಬಾಕಿನ ಹೊಲ. ಬಣ್ಣ ನೋಡಿದ್ರ ತಿಳಿತೈತಿ."

ಹಲಗೆಯ ಬಣ್ಣ ತಂಬಾಕಿನದೇ ಆಗಿತ್ತು ಎಂಬುದನ್ನು ನಾನು ನಿರಾಕರಿಸಲಾರೆ.

"ಇದೇನು, ಈ ಹಸರು?" ಎಂದರು ಹೆಡ್‌ಮಾಸ್ತರರು.

"ಅಡವಿರಿ. ಆ ಕಡೆ ಮಳಿ ಜಾಸ್ತಿ. ಅದಕ್ಕ ತಾನ ಬೆಳದೈತಿ."

ಅದೂ ಸುಳ್ಳಲ್ಲ. ಮಳೆ ಜಾಸ್ತಿಯಾಗಿ ತಾನಾಗಿಯೇ ಬೆಳೆದಿತ್ತು.

ಬಾಯಾರು ಫೂಟಪಟ್ಟಿ ತೆಗೆದು ಬೂಸ್ಟನ್ನು ಕೆರೆಯಲು ಹೋದರು. ಹೆಡ್‌ಮಾಸ್ತರರು ಕೈ ಅಡ್ಡ ಹಿಡಿದರು. "ಬ್ಯಾಡ ಬಾಯಾರ. ಪರ್ವದಾಗ ಅದನ್ನ ಕೆದರಬಾರದು. ಜೀವ ಇರತಾವ."

"ಅದಕ್ಕ ನಾನೂ ಮುಟ್ಟಿಲ್ರಿ," ಎಂದರು ಭೂಗೋಳದ ಮಾಸ್ತರರು ತಡಮಾಡದೆ.

"ಇಲಿಗೋಳನ್ನೂ ಅದಕ್ಕ ಬಿಟ್ಟ್ರೇನು, ಉಣ್ಣಲಿ ಅಂತ?" ಎಂದರು ಗಣಿತದವರು.

ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮಾಸ್ತರ, ಇವತ್ತ ಪರ್ವದಾಗ ಯಾವ ಧರ್ಮದ ದಿನ?"

"ಆಕಿಂಚನ್ಯ ರೀ."

"ಅಂದ್ರ?"

"ತನ್ನದು ಅಂತ ಏನೂ ಇಟ್ಟುಕೊಳ್ಳಬಾರದ್ರಿ."

"ಪಾಲಿಸೀರಿ ಬಿಡ್ರಿ," ಎಂದರು ಹೆಡ್‌ಮಾಸ್ತರರು. "ಸಾಲ್ಯಾಗ ನಿಮ್ಮಷ್ಟು ಯಾರೂ ಪಾಲಿಸಿಲ್ಲ."

ಗಣಿತದ ಮಾಸ್ತರರು ನಗಲು ಬಾಯಿ ತೆರೆದು ಗುರುಗಳ ಕಡೆ ನೋಡಿ ಮುಚ್ಚಿಕೊಂಡರು. ಯಾಕೆಂದರೆ ಗುರುಗಳು ಎದ್ದಿದ್ದರು. ಅವರು ಬಾಯಾರ ಬದಿಯಿಂದ ಸುತ್ತು ಹಾಕಿ ಬಂದು ನನ್ನ ಎಡಕ್ಕೆ ನಿಂತರು. ಆರತಿಗೆ ಉಟ್ಟುಕೊಂಡ ಬಿಳಿಯ ಧೋತರ, ಹೆಗಲ ಮೇಲೆ ಪಂಚೆ. ಕೋಣೆಯಲ್ಲಿ ಬೆಳಕು ಕಡಿಮೆಯಾಗಿತ್ತು, ಆದರೂ ಅವರ ಮುಖ ನನಗೆ ಸ್ಪಷ್ಟವಿತ್ತು. ಸಿಟ್ಟು ಇರಲಿಲ್ಲ. ಸಂತೆಯಲ್ಲಿ ತಮ್ಮ ಎಮ್ಮೆಯನ್ನು ಹುಡುಕುವವರ ಹಾಗೆ ಹಲಗೆಯನ್ನು ನೋಡುತ್ತಿದ್ದರು.

"ನಮ್ಮ ಭೋಜ ಎಲ್ಲೈತಿ?"

ಭೂಗೋಳದ ಮಾಸ್ತರರು ಬೆತ್ತ ಬಿಟ್ಟು ಬೆರಳನ್ನೇ ಇಟ್ಟರು. "ಇದು ರೀ."

"ಇದು ಮೊಳಿ."

"ಹೌದ್ರಿ. ಸದ್ಯಕ್ಕ ಮೊಳಿ."

"ನಮ್ಮೂರಾಗ ವೇದಗಂಗಾ ದೂಧಗಂಗಾ ಕೂಡತಾವ. ಅವು ಎಲ್ಲಿ?"

"ಕೂಡತಾವ್ರಿ. ಇನ್ನ ಬಂದಿಲ್ಲ."

ಗುರುಗಳು ಬಹಳ ಹೊತ್ತು ಮೊಳೆಯನ್ನು ನೋಡಿದರು. ನಾನು ಚಾದರವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದೇ ಇದ್ದೆ. ಇಳಿಸಲು ಧೈರ್ಯವಾಗಲಿಲ್ಲ. ಆ ಹುಡುಗಿಯ ವಿಷಯ ಈ ಹಲಗೆಯ ಮೇಲೆ ಇವತ್ತಿಗೆ ಮುಗಿಯಿತು ಎಂದುಕೊಂಡೆ. ಭೂಗೋಳದ ಮಾಸ್ತರರೂ ಹಾಗೆಯೇ ಅಂದುಕೊಂಡಿರಬೇಕು. ನಾನು ಅವರನ್ನು ಬಲ್ಲ ಅಷ್ಟು ವರ್ಷಗಳಲ್ಲಿ ಮೊದಲ ಸಲ ಮೈಕು ಸುಮ್ಮನಾಗಿತ್ತು.

"ಯಾವಾಗಿಂದ ಹಿಂಗೈತಿ ಇದು?" ಎಂದರು ಹೆಡ್‌ಮಾಸ್ತರರು ಆಚೆಯಿಂದ.

"ಮಳಿ ಸುರು ಆದಾಗಿಂದರಿ. ಒಣಗಲಿಲ್ಲ. ಹಚ್ಚಿದ್ದೆಲ್ಲ ಇಲಿ ತಿಂದು ಹೋದುವು."

"ಮೊದಲ ಯಾಕ ಹೇಳಲಿಲ್ಲ?"

"ಹೇಳಬೇಕು ಅನ್ನೂದರಾಗ ನೀವು ಊಟಕ್ಕ ಏಳತಿದ್ರಿ."

ಹೆಡ್‌ಮಾಸ್ತರರು ಗಣಿತದ ಮಾಸ್ತರರ ಮುಖ ನೋಡಿದರು. ಗಣಿತದ ಮಾಸ್ತರರು ಛಾವಣಿ ನೋಡಿದರು.

ಗುರುಗಳು ಈ ಮಾತಿಗೆ ಕಿವಿಗೊಡಲಿಲ್ಲ. ಅವರು ಇನ್ನೂ ಮೊಳೆಯ ಹತ್ತಿರವೇ ಇದ್ದರು. "ನೀ ಭೋಜಕ್ಕ ಬಂದೀಯೇನು?"

"ಇಲ್ರಿ."

"ಹೊಳಿ ಕೂಡೂದು ನೋಡಿಲ್ಲ?"

"ಇಲ್ರಿ."

"ನೋಡಲಾರದ ಹೆಂಗ ಮಾಡತಿದ್ದಿ? ಯಾಕ ಬಂದಿಲ್ಲ?"

"ಪರ್ಮನೆಂಟ್ ಆಗೂತನಕ ನಮ್ಮೂರ ಕಡೆ ಬರಬ್ಯಾಡ ಅಂತ ನೀವ ಹೇಳಿ ಕಳಿಸಿದ್ರಲ್ರಿ."

ಈ ಮಾತು ಅವರಿಗೆ ಆಗ ಹೊಳೆದದ್ದೋ, ಮೊದಲಿನಿಂದ ಮನಸ್ಸಿನಲ್ಲಿ ಇದ್ದದ್ದೋ, ನಾನು ಹೇಳಲಾರೆ. ಇಷ್ಟು ಹೇಳಬಲ್ಲೆ: ಆ ಧ್ವನಿ ಕುಸ್ತಿ ಮೈದಾನದ್ದಾಗಿರಲಿಲ್ಲ. ಬಹಳ ಸಣ್ಣದಾಗಿತ್ತು. ಬಾಯಾರು ಉತ್ತರದಲ್ಲಿ ಕೂತವರು, ಕೇಳಲು ಮುಂದೆ ಬಾಗಬೇಕಾಯಿತು.

ಗುರುಗಳು ಪಂಚೆಯಿಂದ ಮುಖ ಒರೆಸಿಕೊಂಡರು. ಹೆಡ್‌ಮಾಸ್ತರರು ಸಂದರ್ಭ ನೋಡಿ, "ಹಂಗಾದ್ರ ಭೋಜ ಖಾಲಿ ಇರೂದಕ್ಕ ನೀವ ಕಾರಣ ಆದ್ರೆಲ್ಲ ಗುರುಗಳ," ಎಂದರು.

"ಹೌದು ಅಂತ ಕಾಣತೈತಿ," ಎಂದರು ಗುರುಗಳು. ಚಿಕ್ಕೋಡಿಯ ಕಡೆ ನೋಡಿ, "ಈ ಚಿಕ್ಕೋಡಿ ತನಕ ಮಾಡಿದ್ದು ನೀ ಒಬ್ಬನ ಏನು?" ಎಂದು ಕೇಳಿದರು.

"ಒಬ್ಬನ ರೀ."

"ಅಥಣಿ ಛಲೋ ಮಾಡೀದಿ." ಹೆಗಲ ಪಂಚೆ ಸರಿಮಾಡಿಕೊಂಡರು. "ಹುಣ್ಣಿವಿ ಮರುದಿನ ನಂದು ಪಾರಣಿ. ಅದರ ಮಾರನೇ ದಿನ ಹೊರಟು ಬಾ. ಕಾಗದ ಕಟಗೊಂಡು ಬಾ. ಹೊಳಿ ನೋಡು, ನೋಡಿ ಮಾಡು. ಮೆಂತ್ಯ ನಮ್ಮನಿಯಾಗ ಐತಿ."

"ಎಷ್ಟ ದಿನಕ್ಕ ಬರಲ್ರಿ?"

"ಹೊಳಿ ಮುಗ್ಯೂತನಕ ಇರು. ನಾ ಏನ್ ಲೆಕ್ಕಾ ಇಡಾಂವ ಅಲ್ಲ."

ಲಗ್ನ ಗೊತ್ತಾಗದ ಹುಡುಗನನ್ನು ಹುಡುಗಿ ಇರುವ ಮನೆಗೆ ಕರೆಯುವ ಪದ್ಧತಿ ನಮ್ಮ ಕಡೆ ಇಲ್ಲ. ಕರೆದರು ಎಂದರೆ ಗೊತ್ತಾಯಿತು ಎಂದೇ ಅರ್ಥ. ಅದನ್ನು ಬಾಯಿಬಿಟ್ಟು ಹೇಳಿದವರು ಬಾಯಾರು.

"ಮಗ ಸಾಖರಪುಡಾಚ ಝಾಲಾ ಕೀ," ಎಂದರು. ಸಾಖರಪುಡಾ ಆದಂತೆಯೇ ಆಯಿತಲ್ಲ.

"ಸಕ್ಕರಿ ಮಾತ್ರ ಹುಣ್ಣಿವಿ ಆದ ಮ್ಯಾಲ," ಎಂದರು ಹೆಡ್‌ಮಾಸ್ತರರು. "ಇವತ್ತ ಯಾರೂ ಬಾಯಾಗ ಹಾಕ್ಕೊಳ್ಳೂ ಹಂಗಿಲ್ಲ."

ಬಸದಿಯ ಗಂಟೆ ಕೇಳಿಸಿತು. ಎಲ್ಲರೂ ಒಟ್ಟಿಗೆ ಎದ್ದು ಆರತಿಗೆ ಹೊರಟರು. ಭೂಗೋಳದ ಮಾಸ್ತರರೂ ಹೋದರು, ಗುರುಗಳ ಒಂದು ಹೆಜ್ಜೆ ಹಿಂದೆ, ಬೆತ್ತವನ್ನು ರಾಯಬಾಗದ ಮೇಲೆಯೇ ಮರೆತು. ನಾನು ಚಾದರವನ್ನು ಹೊದಿಸಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ನಿಂತು, ಆಮೇಲೆ ಮಡಚಿ ಬೆಂಚಿನ ಮೇಲಿಟ್ಟೆ.

ಅವರು ಭೋಜಕ್ಕೆ ಹೋದರು. ಹೊಳೆ ಮುಗಿಯಲು ದೀಪಾವಳಿಯ ರಜೆಯೂ ಬೇಕಾಯಿತು. ನಕಾಶೆ ಪೂರ್ತಿಯಾದ ಮೇಲೆ ಚಿಕ್ಕೋಡಿಯಿಂದ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅದನ್ನು ಆ ತುದಿಯಿಂದ ಈ ತುದಿಗೆ ನೋಡಿ, ಭೋಜ ನಿಪ್ಪಾಣಿಗಿಂತ ದೊಡ್ಡದಾಗಿದೆಯಲ್ಲ ಎಂದು ಕೇಳಿದರು. ನಿಜ. ಭೋಜದಲ್ಲಿ ಒಂದೊಂದು ಓಣಿ, ಗುರುಗಳ ಮನೆಯ ಮುಂದಿನ ಕಟ್ಟೆ ಕೂಡ ಇತ್ತು. ನಿಪ್ಪಾಣಿ ಅಂಗೈಯಷ್ಟು. "ಹತ್ತರ ಇದ್ದದ್ದು ದೊಡ್ಡದ ಕಾಣತೈತ್ರಿ ಸಾಹೇಬ್ರ," ಎಂದರು ಭೂಗೋಳದ ಮಾಸ್ತರರು. ಧ್ವನಿ ಮತ್ತೆ ಮೈದಾನದ್ದಾಗಿತ್ತು. ಅಧಿಕಾರಿ ತಲೆಯಾಡಿಸಿ ಮುಂದಿನ ಕೋಣೆಗೆ ಹೋದರು. ಶಿಫಾರಸು ಆಯಿತು, ಕಾಯಂ ಆದ ಆದೇಶ ಬಂದಿದ್ದು ಮಾತ್ರ ಲಗ್ನವಾಗಿ ಎಷ್ಟೋ ದಿನಗಳ ಮೇಲೆ.

ಇದನ್ನು ಕಂಡವರು ಇನ್ನೂ ಯಾರಿದ್ದಾರೆ ಎಂದು ಕೇಳಿದರೆ: ಹೆಡ್‌ಮಾಸ್ತರರು ಹೋದರು. ಭೋಜದ ಗುರುಗಳು ಮೊಮ್ಮಕ್ಕಳನ್ನು ಎತ್ತಿ ಆಡಿಸಿ ಹೋದರು. ಹಿಂದಿಯ ಬಾಯಾರು ಮಿರಜಿನಲ್ಲಿ ಮಗಳ ಹತ್ತಿರ ಇದ್ದಾರೆ. ಕಿವಿ ಸ್ವಲ್ಪ ಮಂದ, ನೆನಪು ಚೊಕ್ಕ. ಗಣಿತದ ಮಾಸ್ತರರು ಅಥಣಿಯಲ್ಲಿದ್ದಾರೆ; ಇಸವಿಯೊಂದನ್ನು ಬಿಟ್ಟು ಉಳಿದದ್ದನ್ನು ಅವರಿಂದ ಕೇಳಬಹುದು. ಭೂಗೋಳದ ಮಾಸ್ತರರು ನಿವೃತ್ತರಾಗಿ ಹೆಂಡತಿಯ ಜೊತೆ ರಾಯಬಾಗದಲ್ಲಿದ್ದಾರೆ. ಆಕೆ ಅಂದು ಆ ಕೋಣೆಯಲ್ಲಿ ಇರಲಿಲ್ಲ, ಹಾಗಾಗಿ ಆಕೆಯನ್ನು ಸಾಕ್ಷಿಯೆಂದು ನಾನು ಹಿಡಿಯುವುದಿಲ್ಲ. ಭೋಜವೊಂದನ್ನು ಬಿಟ್ಟು ನಕಾಶೆ ಅಂದೇ ಪೂರ್ತಿಯಾಗಿತ್ತು ಎಂದು ತಮ್ಮ ಮನೆಯವರು ಹೇಳಿದ್ದನ್ನು ಆಕೆ ಇವತ್ತಿಗೂ ನಂಬಿದ್ದಾರೆ.